ವೇಬ್ರಿಡ್ಜ್ ಕಂಪ್ಯೂಟರ್‌ನಲ್ಲಿ ಕೆಲವು ಅಂಕಿ ಮಾತ್ರ ಸರಿ ಬರ್ತಿವೆ: 7ಇ1, 8ಎನ್1 ಅಂದ್ರೆ ಏನು?

ಕೋಲಾರ_ತೂಕ
ಎಪಿಎಂಸಿ ಹತ್ತಿರದ ಲಾರಿ ವೇಬ್ರಿಡ್ಜ್. ತೂಕ ತೋರಿಸೋ ಇಂಡಿಕೇಟರ್‌ನಿಂದ 9 ಪಿನ್ ಕೇಬಲ್ ಹಳೇ ಡಾಸ್ ಕಂಪ್ಯೂಟರ್‌ಗೆ ಬರುತ್ತೆ. ಹಾರ್ಡ್‌ಡಿಸ್ಕ್ ಬದಲಾಯಿಸಿ ಸಾಫ್ಟ್‌ವೇರ್ ಮತ್ತೆ ಹಾಕಿದ ಮೇಲೆ ತೂಕ ಅರ್ಧಂಬರ್ಧ ಬರ್ತಿದೆ. ಇಂಡಿಕೇಟರ್‌ನಲ್ಲಿ 13560 ಇದ್ರೆ ಸ್ಕ್ರೀನ್ ಮೇಲೆ 3560 ಸರಿ, 1ರ ಜಾಗದಲ್ಲಿ ಚುಕ್ಕೆ ತುಂಬಿದ ಚೌಕ. 24780 ಇದ್ರೆ ಕೊನೇ ಸೊನ್ನೆ ಬಿಟ್ಟು ಎಲ್ಲಾ ಚೌಕ, ಗೀಟು. ಕೇಬಲ್ ಬದಲಾಯಿಸಿದ್ರೂ ಹಾಗೇ. ಇಂಡಿಕೇಟರ್ ಹಿಂದಿನ ಸ್ಟಿಕರ್‌ನಲ್ಲಿ 2400 7ಇ1 ಅಂತಿದೆ, ಸಾಫ್ಟ್‌ವೇರ್‌ನಲ್ಲಿ ಕಾಮ್1, 2400, 8ಎನ್1.

ಜೊತೆಗೆ ದಿನಾ ಬೆಳಿಗ್ಗೆ ತಾರೀಖು ಹಳೇದಕ್ಕೆ ಹೋಗಿ ಎಫ್1 ಒತ್ತು ಅಂತ ಕೇಳುತ್ತೆ. ಇದನ್ನೆಲ್ಲ ಬಿಟ್ಟು ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕನ್ವರ್ಟರ್ ಹಾಕಿ ಇದೇ ಸಾಫ್ಟ್‌ವೇರ್ ನಡೆಸಬಹುದಾ? ಟೊಮೆಟೊ ಸೀಸನ್, ಲಾರಿಗಳು ಸಾಲುಗಟ್ಟಿವೆ.

ತುಮಕೂರು_ಸೀರಿಯಲ್
ಕೇಬಲ್ ಸರಿಯಾಗೇ ಇದೆ ಸರ್, ಇನ್ನು ಅದನ್ನ ಮುಟ್ಟಬೇಡಿ. ಉತ್ತರ ನಿಮ್ಮ ಸ್ಟಿಕರ್‌ನಲ್ಲೇ ಇದೆ. 7ಇ1 ಅಂದ್ರೆ ಒಂದು ಅಕ್ಷರಕ್ಕೆ 7 ಡೇಟಾ ಬಿಟ್, ಈವನ್ ಪ್ಯಾರಿಟಿ (ಒಂದುಗಳ ಎಣಿಕೆ ಸಮ ಆಗೋ ಹಾಗೆ ಸೇರಿಸೋ ತಪಾಸಣೆ ಬಿಟ್), 1 ಸ್ಟಾಪ್ ಬಿಟ್ (ಅಕ್ಷರ ಮುಗೀತು ಅನ್ನೋ ಗುರುತು). 8ಎನ್1 ಅಂದ್ರೆ 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅಕ್ಷರ ಶುರು ಅನ್ನೋ ಸ್ಟಾರ್ಟ್ ಬಿಟ್ ಸೇರಿಸಿದ್ರೆ ಎರಡೂ 10 ಬಿಟ್ಟೇ. ಹಾಗಾಗಿ ಕಂಪ್ಯೂಟರ್ ತಕರಾರಿಲ್ಲದೆ ಓದುತ್ತೆ, ಆದ್ರೆ ಪ್ಯಾರಿಟಿ ಬಿಟ್ಟನ್ನ ಎಂಟನೇ ಡೇಟಾ ಬಿಟ್ ಅಂದ್ಕೊಳ್ಳುತ್ತೆ.

ಯಾವ ಅಂಕಿ ಕೆಡುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಸೊನ್ನೆಯ ಆಸ್ಕಿ ಕೋಡ್ (ಪ್ರತಿ ಅಕ್ಷರಕ್ಕೂ ಕಂಪ್ಯೂಟರ್‌ನಲ್ಲಿರೋ ಸಂಖ್ಯೆ) ಬೈನರಿಯಲ್ಲಿ 0110000. ಅದರಲ್ಲಿ ಒಂದುಗಳು ಎರಡು, ಸಮಸಂಖ್ಯೆ, ಪ್ಯಾರಿಟಿ ಬಿಟ್ 0, ಅಕ್ಷರ ಹಾಗೇ ಉಳಿಯುತ್ತೆ. 1ರ ಕೋಡ್ 0110001, ಒಂದುಗಳು ಮೂರು. ಸಮ ಮಾಡೋಕೆ ಪ್ಯಾರಿಟಿ ಬಿಟ್ 1 ಆಗುತ್ತೆ, 31 ಹೆಕ್ಸ್ (16ರ ಲೆಕ್ಕದಲ್ಲಿ ಬರೆದದ್ದು) ಹೋಗಿ ಬಿ1 ಆಗುತ್ತೆ. ಡಾಸ್ ಸ್ಕ್ರೀನ್‌ನಲ್ಲಿ ಬಿ1 ಅಂದ್ರೆ ಆ ಚುಕ್ಕೆ ಚೌಕ. ಹೀಗೆ 0, 3, 5, 6, 9 ಸರಿ ಬರ್ತವೆ; 1, 2, 4, 7, 8 ಕೆಡ್ತವೆ. ನೀವು ಕೊಟ್ಟ ಎರಡು ತೂಕಕ್ಕೂ ತಾಳೆ ನೋಡಿ, ಒಂದು ಬಿಟ್ಟೂ ತಪ್ಪದೆ ಕೂಡುತ್ತೆ. ಬಾಡ್ ರೇಟ್ (ಡೇಟಾ ಬರೋ ವೇಗ, ನಿಮ್ಮ 2400) ತಪ್ಪಿದ್ರೆ ಹೀಗೆ ಅರ್ಧ ಸರಿ ಬರಲ್ಲ, ಪೂರ್ತಿ ಕಸ ಬರುತ್ತೆ.

ಸಾಫ್ಟ್‌ವೇರ್‌ನ ಪೋರ್ಟ್ ಸೆಟ್ಟಿಂಗ್‌ನಲ್ಲೇ 7ಇ1 ಮಾಡಿ. ಡಾಸ್‌ನಲ್ಲಿ `ಮೋಡ್ ಕಾಮ್1:2400,ಇ,7,1` ಅಂತ ಕೊಡಬಹುದು, ಆದ್ರೆ ಎಷ್ಟೋ ತೂಕದ ಸಾಫ್ಟ್‌ವೇರ್‌ಗಳು ಶುರುವಾಗುವಾಗ ಪೋರ್ಟನ್ನ ತಾವೇ ಸೆಟ್ ಮಾಡ್ಕೊಳ್ತವೆ, ನೀವು ಕೊಟ್ಟಿದ್ದು ಅಳಿಸಿ ಹೋಗುತ್ತೆ. ಇಂಡಿಕೇಟರ್ ಕಡೆ ಬದಲಾಯಿಸೋಕೆ ಹೋಗಬೇಡಿ. ಮಾಪನಶಾಸ್ತ್ರ ಇಲಾಖೆ ಸೀಲ್ ಒಡೆದ್ರೆ ಮತ್ತೆ ಸ್ಟಾಂಪಿಂಗ್ ಆಗೋವರೆಗೆ ತೂಕ ಹಾಕೋ ಹಾಗಿಲ್ಲ.

ಚಿಂತಾಮಣಿ_ಬೋರ್ಡ್
ತಾರೀಖಿನ ವಿಷ್ಯ: ಮದರ್‌ಬೋರ್ಡ್ ಸೆಲ್ ಮುಗಿದಿದೆ. ಸಿಆರ್2032 ತಗೊಳ್ಳಿ. 20 ಅಂದ್ರೆ 20 ಮಿ.ಮೀ. ಅಗಲ, 32 ಅಂದ್ರೆ 3.2 ಮಿ.ಮೀ. ದಪ್ಪ. ಅಂಗಡಿಯಲ್ಲಿ ಸಿಆರ್2025 ಕೊಟ್ರೆ ಬೇಡ ಅನ್ನಿ. ಅದೂ 3 ವೋಲ್ಟೇ, ಆದ್ರೆ 0.7 ಮಿ.ಮೀ. ತೆಳು, ಕ್ಲಿಪ್‌ನಲ್ಲಿ ಸಡಿಲ ಕೂತು ಮತ್ತೆ ಇದೇ ಪಾಡು. ಪವರ್ ಕೇಬಲ್ ಕಿತ್ತು, ಪ್ಲಸ್ ಮೇಲೆ ಬರೋ ಹಾಗೆ ಹಾಕಿ.

ಸೆಲ್ ಹಾಕಿದ ಮೇಲೆ ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಸಿಗೋ ಸೆಟ್ಟಿಂಗ್ ಪರದೆ) ಹೋಗಿ ತಾರೀಖಿನ ಜೊತೆ ಪೋರ್ಟ್‌ಗಳನ್ನೂ ನೋಡಿ: ಸೀರಿಯಲ್ ಪೋರ್ಟ್ (ಈ 9 ಪಿನ್ ಜಾಗ) ವಿಳಾಸ 3ಎಫ್8, ಐಆರ್‌ಕ್ಯು (ಪ್ರೊಸೆಸರ್‌ನ ಗಮನ ಸೆಳೆಯೋ ಲೈನ್) 4 ಇರಬೇಕು, ಅದೇ ಕಾಮ್1. 2ಎಫ್8, ಐಆರ್‌ಕ್ಯು 3 ಇದ್ರೆ ಅದು ಕಾಮ್2ರ ಜಾಗ. ಪ್ರಿಂಟರ್‌ಗೆ 378, ಐಆರ್‌ಕ್ಯು 7.

ಲ್ಯಾಪ್‌ಟಾಪ್‌ನಲ್ಲಿ ಈ ಸಾಫ್ಟ್‌ವೇರ್ ನಡೆಯೋದು ಕಷ್ಟ. ಇಂಥ ಡಾಸ್ ಪ್ರೋಗ್ರಾಂಗಳು ನೇರವಾಗಿ 3ಎಫ್8 ವಿಳಾಸಕ್ಕೇ ಕೈ ಹಾಕ್ತವೆ, ಯುಎಸ್‌ಬಿ ಕನ್ವರ್ಟರ್‌ಗೆ ಆ ವಿಳಾಸವೇ ಇಲ್ಲ. ಬೋರ್ಡ್ ಸ್ಲಾಟ್‌ಗೆ ಹಾಕೋ ಪಿಸಿಐ ಸೀರಿಯಲ್ ಕಾರ್ಡ್‌ಗೂ ಸಾಮಾನ್ಯವಾಗಿ ಬೇರೆ ವಿಳಾಸ ಸಿಗುತ್ತೆ. ಬೋರ್ಡ್ ಬದಲಾಯಿಸೋ ದಿನ ಬಂದ್ರೆ ಕಾಮ್1 ಅಂತ ಬರೆದಿರೋ ಪಿನ್ ಸಾಲಿರೋ ಬೋರ್ಡ್ ಹುಡುಕಿ, ಬೆಂಗಳೂರು ಎಸ್.ಪಿ. ರೋಡಲ್ಲಿ ಹಳೇ ಬೋರ್ಡ್‌ಗಳು ಸಿಗ್ತವೆ. ಅದಕ್ಕೆ ಹಾಕೋ 9 ಪಿನ್ ಬ್ರಾಕೆಟ್‌ನಲ್ಲಿ ಎರಡು ಥರ ವೈರಿಂಗ್ ಇದೆ, ಬೋರ್ಡ್ ಮ್ಯಾನುಯಲ್ ನೋಡೇ ತಗೊಳ್ಳಿ.

ಮುಂದೆ ವಿಂಡೋಸ್ ಸಾಫ್ಟ್‌ವೇರ್‌ಗೆ ಹೋದ್ರೆ ಕನ್ವರ್ಟರ್ ನಡೆಯುತ್ತೆ. ಎಫ್‌ಟಿ232 ಅಥವಾ ಸಿಎಚ್340 ಚಿಪ್‌ದು ನೋಡಿ. ಹಳೇ ಪಿಎಲ್2303 ಚಿಪ್‌ಗಳನ್ನ ಹೊಸ ಡ್ರೈವರ್ ಒಪ್ಪಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಂದು ಕೂರುತ್ತೆ.

ಕೋಲಾರ_ತೂಕ
7ಇ1 ಮಾಡಿದೆ, ಎಲ್ಲಾ ಅಂಕಿ ಸರಿ ಬಂತು! ಸೆಲ್ಲೂ ಹಾಕಿದೆ. ಒಂದೇ ಉಳಿದಿರೋದು: ಕೇಬಲ್ ಅಲ್ಲಾಡಿದ್ರೆ ತೂಕ ನಿಂತು ಹೋಗುತ್ತೆ. ಹಳೇ ಕೇಬಲ್ಲೇ ವಾಪಸ್ ಹಾಕಿದ್ದೆ.

ತುಮಕೂರು_ಸೀರಿಯಲ್
ಹಾಗಾದ್ರೆ ಕೇಬಲ್ ವಿಷ್ಯದಲ್ಲಿ ನಾನು ಮೊದಲು ಹೇಳಿದ್ದು ಅಂಕಿ ಕೆಡೋದಕ್ಕೆ ಮಾತ್ರ, ಇದು ಬೇರೆ ತೊಂದರೆ. ಕಂಪ್ಯೂಟರ್ ಕಡೆ ಕನೆಕ್ಟರ್ ಬಿಚ್ಚಿ, ಇಂಡಿಕೇಟರ್ ಆನ್ ಇರಲಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಪ್ರೋಬ್ 5ನೇ ಪಿನ್‌ಗೆ, ಕೆಂಪು 2ನೇ ಪಿನ್‌ಗೆ ಹಿಡೀರಿ. ಡೇಟಾ ಇಲ್ಲದಾಗ ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12 ಒಳಗೆ ಬರಬೇಕು, ತೂಕ ಹರೀತಿದ್ರೆ ಅಂಕಿ ಕುಣಿಯುತ್ತೆ. ಹಾಗೇ ಹಿಡ್ಕೊಂಡು ಇನ್ನೊಬ್ಬರ ಕೈಲಿ ಕೇಬಲ್ ಬಗ್ಗಿಸಿ. ಸೊನ್ನೆಗೆ ಬಿದ್ರೆ ಅಲ್ಲೇ ವೈರ್ ತುಂಡಾಗಿದೆ. ಹೆಚ್ಚಾಗಿ ಕನೆಕ್ಟರ್ ಹುಡ್ (ಹೊರಕವಚ) ಒಳಗೆ, ಬೆಸುಗೆ ಹತ್ತಿರ. ಅರ್ಧ ಇಂಚು ಕತ್ತರಿಸಿ 2, 3, 5 ಮೂರನ್ನೂ ಹೊಸದಾಗಿ ಬೆಸೆದು, ಹುಡ್ ಕ್ಲ್ಯಾಂಪ್ ಬಿಗಿ ಮಾಡಿ. ಕಂಪ್ಯೂಟರ್‌ಗೆ ಸಿಕ್ಕಿಸಿದ ಮೇಲೆ ಪಕ್ಕದ ಎರಡು ಸ್ಕ್ರೂನೂ ಕೈಯಲ್ಲೇ ತಿರುಗಿಸಿ ಕೂರಿಸಿ. ಲಾರಿ ಹತ್ತಿ ಇಳಿಯುವಾಗ ಮೇಜು ಅದುರುತ್ತೆ, ಸ್ಕ್ರೂ ಇಲ್ಲದ ಕನೆಕ್ಟರ್ ಜಾರುತ್ತೆ.