ಕಸುಬಿನವರಿಗೆ ಕಾರು ಸಾಕೇ, ವ್ಯಾನೇ ಬೇಕೇ?

ತಂತಿ: ನಾನು ಮನೆಗಳ ವೈರಿಂಗ್ ಕೆಲಸ ಮಾಡುವವನು. ಇಷ್ಟು ವರ್ಷ ಹಳೆಯ ಕಾರೊಂದರ ಹಿಂದಿನ ಸೀಟನ್ನು ಮಡಚಿಟ್ಟು ಹೇಗೋ ನಿಭಾಯಿಸಿದ್ದೇನೆ. ಈಗ ಅದನ್ನು ಬದಲಿಸದೆ ವಿಧಿಯಿಲ್ಲ. ದೊಡ್ಡ ಡಿಕ್ಕಿಯ ಕಾರು ಕೊಂಡರೆ ರಜೆಯ ದಿನ ಮನೆಯವರನ್ನೂ ಕರೆದೊಯ್ಯಬಹುದು ಎಂಬ ಆಸೆಯಿದೆ. ಆದರೆ ಒಂದು ಡ್ರಿಲ್ ಬಿಟ್ ಹುಡುಕುವುದಕ್ಕೆ ಮೂರು ಪೆಟ್ಟಿಗೆಗಳನ್ನು ರಸ್ತೆಗಿಳಿಸುವುದು ದಿನಕ್ಕೆ ನಾಲ್ಕೈದು ಬಾರಿಯಾದರೂ ನಡೆಯುತ್ತಿದ್ದು, ಅದು ಸಾಕಾಗಿ ಹೋಗಿದೆ. ಜೊತೆಗೆ ಒಬ್ಬ ಸಹಾಯಕನಿರುತ್ತಾನೆ. ಬಳಸಿದವರು ದಯವಿಟ್ಟು ತಿಳಿಸಿ.

ಗರಗಸ: ಬಡಗಿಯಾದ ನನಗೆ ಈ ಪ್ರಶ್ನೆಯೇ ಏಳುವುದಿಲ್ಲ. ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಹಾಳೆಯು ಯಾವ ಸಾಮಾನ್ಯ ಕಾರಿನೊಳಗೂ ಮಲಗುವುದಿಲ್ಲ. ಛಾವಣಿಯ ಮೇಲೆ ಕಟ್ಟೋಣವೆಂದರೆ, 18 ಮಿ.ಮೀ. ದಪ್ಪದ ಒಂದು ಹಾಳೆಯೇ ಸುಮಾರು 30ರಿಂದ 35 ಕಿಲೊ ತೂಗುತ್ತದೆ. ಹೆಚ್ಚಿನ ಕಾರುಗಳ ಛಾವಣಿ ತಡೆಯುವುದು 75 ಕಿಲೊ ಆಸುಪಾಸು, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ. ಅಂದರೆ ಹೆಚ್ಚೆಂದರೆ ಎರಡು ಹಾಳೆ. ಮೇಲಾಗಿ ಅಗಲವಾದ ಹಾಳೆಯ ಅಡಿಗೆ ಗಾಳಿ ಹೊಕ್ಕು ಎತ್ತುವ ಬಲವನ್ನು ಒಮ್ಮೆ ಕಂಡವರು ಮತ್ತೆ ಆ ಸಾಹಸಕ್ಕೆ ಕೈಹಾಕುವುದಿಲ್ಲ.

ನಲ್ಲಿ: ಗರಗಸ ಅವರ ಮಾತು ಬಡಗಿಗೆ ಸರಿ, ಎಲ್ಲರಿಗೂ ಅಲ್ಲ. ನಾನು ಪ್ಲಂಬರ್, ಆರು ವರ್ಷ ವ್ಯಾನ್ ಓಡಿಸಿ ಈಗ ಕಾರಿಗೆ ಮರಳಿದ್ದೇನೆ. ನನ್ನ ಕೆಲಸದ ಬಹುಪಾಲು ದುರಸ್ತಿ: ಸೋರುವ ನಲ್ಲಿ, ಕಟ್ಟಿಕೊಂಡ ಪೈಪು, ಕೆಟ್ಟ ವಾಲ್ವು. ದೊಡ್ಡ ಸಾಮಾನನ್ನು ಅಂಗಡಿಯವರೇ ಸೈಟಿಗೆ ತಲುಪಿಸುತ್ತಾರೆ, ಆರು ಮೀಟರಿನ ಪೈಪು ಸಣ್ಣ ವ್ಯಾನಿನೊಳಗೂ ಹಿಡಿಯುವುದಿಲ್ಲ. ವ್ಯಾನಿದ್ದ ಕಾಲದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಟ್ಟಡಗಳ ನೆಲಮಾಳಿಗೆಯ ಪಾರ್ಕಿಂಗ್. ಎಷ್ಟೋ ಕಡೆ ಎರಡು ಮೀಟರಿನಷ್ಟೇ ಎತ್ತರದ ಅಡ್ಡಪಟ್ಟಿ ಇರುತ್ತದೆ. ಏಣಿ ಕಟ್ಟಿದ ವ್ಯಾನು ಹೊರಗೇ ನಿಲ್ಲಬೇಕು, ನಾನು ಉಪಕರಣ ಹೊತ್ತು ನಡೆಯಬೇಕು.

ಸ್ಪ್ಯಾನರ್: ನಾನು ಗ್ಯಾರೇಜಿನವನಾದ್ದರಿಂದ ತೂಕದ ವಿಷಯವನ್ನಷ್ಟೇ ಹೇಳುತ್ತೇನೆ. ವಾಹನದ ಗರಿಷ್ಠ ಒಟ್ಟು ತೂಕದಿಂದ ಅದರ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಅದು ಹೊರಬಲ್ಲ ಭಾರ, ಮತ್ತು ಜನರು ಮರೆಯುವುದೇನೆಂದರೆ, ಒಳಗೆ ಕೂತವರ ತೂಕವೂ ಆ ಲೆಕ್ಕದಲ್ಲೇ ಬರುತ್ತದೆ. ಸಾಮಾನ್ಯ ಐದು ಸೀಟಿನ ಕಾರಿನಲ್ಲಿ ಇದು 400ರಿಂದ 500 ಕಿಲೊ, ಸಣ್ಣ ವ್ಯಾನಿನಲ್ಲಿ 500ರಿಂದ 800 ಕಿಲೊ. ಡಿಕ್ಕಿಯಲ್ಲಿ ಜಾಗವಿದೆ ಎಂದು ತುಂಬುತ್ತ ಹೋದರೆ ಜಾಗ ಮುಗಿಯುವ ಮುನ್ನವೇ ತೂಕದ ಮಿತಿ ಮುಗಿದಿರುತ್ತದೆ. ಆಗ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕು ಹಿಡಿದರೆ ನಿಲ್ಲುವ ದೂರ ಹೆಚ್ಚುತ್ತದೆ. ನನ್ನಲ್ಲಿಗೆ ಬರುವ ಕಸುಬಿನವರ ಕಾರುಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಸೋರದಿರುವುದೇ ಅಪರೂಪ.

ಕುಂಚ: ತೂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಸಾಮಾನಿಗೂ ನಿಮ್ಮ ಬೆನ್ನಿಗೂ ನಡುವೆ ಏನಿದೆ ಎಂಬುದು. ಗಂಟೆಗೆ 50 ಕಿ.ಮೀ. ವೇಗವೆಂದರೆ ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ. ವಾಹನ ಡಿಕ್ಕಿ ಹೊಡೆದು ತಟಕ್ಕನೆ ನಿಂತರೆ, ಕಟ್ಟದೆ ಇಟ್ಟ ಹ್ಯಾಮರ್ ಡ್ರಿಲ್ಲು ಮೂರನೆಯ ಮಹಡಿಯಿಂದ ಬಿದ್ದಂತೆಯೇ ಮುಂದಕ್ಕೆ ಬರುತ್ತದೆ. ಸರಕಿನ ವ್ಯಾನುಗಳಲ್ಲಿ ಚಾಲಕನ ಹಿಂದೆ ಸಾಮಾನ್ಯವಾಗಿ ಉಕ್ಕಿನ ತಡೆ ಇರುತ್ತದೆ. ಸೀಟು ಮಡಚಿದ ಕಾರಿನಲ್ಲಿ ಏನೂ ಇರುವುದಿಲ್ಲ. ಇನ್ನು ನನ್ನಂಥ ಪೇಂಟರಿಗೆ ಥಿನ್ನರಿನ ವಾಸನೆಯೂ ಸೇರಿತು. ಮುಚ್ಚಿದ ಕಾರಿನಲ್ಲಿ ಆ ಆವಿ ತಲೆನೋವು ತರುವುದಷ್ಟೇ ಅಲ್ಲ, ಬೆಂಕಿಗೂ ದಾರಿ. ಬೆಳಿಗ್ಗೆ ಥಿನ್ನರ್ ಡಬ್ಬಿ ಇಟ್ಟ ಜಾಗದಲ್ಲಿ ಸಂಜೆ ಮಗುವನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ನಲ್ಲಿ: ತಡೆಯ ವಿಷಯದಲ್ಲಿ ಕುಂಚ ಅವರಿಗೆ ನಾನು ತಲೆಬಾಗುತ್ತೇನೆ. ಕಾರಿಗೂ ಉಕ್ಕಿನ ಜಾಲರಿ ಹಾಕಿಸಬಹುದು, ನಾನು ಹಾಕಿಸಿದ್ದೇನೆ. ನೆಲದ ಕೊಂಡಿಗಳಿಗೆ ಪಟ್ಟಿ ಬಿಗಿದು ಪೆಟ್ಟಿಗೆ ಕಟ್ಟುತ್ತೇನೆ. ಆದರೂ ವರ್ಷದಲ್ಲಿ ಇಪ್ಪತ್ತು ದಿನದ ಭಾರಕ್ಕಾಗಿ ಉಳಿದ ದಿನವೆಲ್ಲ ಅರ್ಧ ಖಾಲಿ ವ್ಯಾನು ಓಡಿಸುವುದು ಯಾವ ಲೆಕ್ಕ? ಆ ಇಪ್ಪತ್ತು ದಿನಕ್ಕೆ ಬಾಡಿಗೆ ವಾಹನವಿದೆ.

ಗರಗಸ: ಬಾಡಿಗೆ ವಾಹನ ನಿಮಗೆ ಬೇಕಾದ ಬೆಳಿಗ್ಗೆಯೇ ಸಿಗದಿರುವುದು ಅದರ ಹುಟ್ಟುಗುಣ. ಮತ್ತೊಂದು ಮಾತು: ಕಾರಿನ ಗಾಜಿನೊಳಗಿಂದ ಉಪಕರಣ ದಾರಿಹೋಕರಿಗೆಲ್ಲ ಕಾಣುತ್ತದೆ. ನಾನು ಒಮ್ಮೆ ಹಾಗೆಯೇ ಕಳೆದುಕೊಂಡೆ.

ಲೆಕ್ಕಪುಸ್ತಕ: ಯಜಮಾನರ ಟೈಲ್ಸ್ ಕೆಲಸದ ಲೆಕ್ಕಪತ್ರ ನೋಡಿಕೊಳ್ಳುವವಳಾಗಿ ಒಂದು ಮಾತು ಸೇರಿಸುತ್ತೇನೆ. ಕಾರನ್ನೇ ಕೊಂಡರೂ ಅದನ್ನು ಕಸುಬಿಗೆ ಬಳಸುತ್ತೇವೆಂದು ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಸ್ವಂತ ಬಳಕೆಗೆಂದು ಮಾಡಿಸಿದ ವಿಮೆಯಲ್ಲಿ, ಅಪಘಾತದ ದಿನ ವಾಹನದ ತುಂಬ ಉಪಕರಣ ಕಂಡರೆ ಕ್ಲೇಮು ತಿರಸ್ಕೃತವಾಗುವ ಸಾಧ್ಯತೆಯಿದೆ. ಒಳಗಿರುವ ಉಪಕರಣಗಳಿಗೆ ವಾಹನದ ವಿಮೆ ಸಾಮಾನ್ಯವಾಗಿ ಅನ್ವಯಿಸದು. ಗರಗಸ ಅವರಿಗೆ ಇದು ಆಗಲೇ ಗೊತ್ತಾಗಿರಬೇಕು.

ಗರಗಸ: ಗೊತ್ತಾಗಿದೆ, ತಡವಾಗಿ.

ತಂತಿ: ಎಲ್ಲರಿಗೂ ವಂದನೆಗಳು. ಸ್ಪ್ಯಾನರ್ ಅವರ ಮಾತು ಕೇಳಿ ನಿನ್ನೆ ವಾಹನವನ್ನು ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿದೆ. ನಮ್ಮಿಬ್ಬರ ತೂಕವೂ ಸೇರಿ ಅದು ಹೊತ್ತ ಭಾರ 440 ಕಿಲೊ. ಪುಸ್ತಕದಲ್ಲಿರುವ ಮಿತಿ 420. ಮನೆಗೆ ಬಂದು ಎಲ್ಲವನ್ನೂ ಇಳಿಸಿ ನೋಡಿದರೆ, ಸುಮಾರು 80 ಕಿಲೊ ಸಾಮಾನು ಒಂದು ವರ್ಷದಿಂದ ಯಾರೂ ಮುಟ್ಟದ್ದು: ಹಳೆಯ ಸ್ವಿಚ್ ಬೋರ್ಡು, ತುಂಡು ಕೇಬಲ್ಲು, ಯಾವ ಮನೆಯದೋ ಫ್ಯಾನಿನ ಮೋಟಾರು.

ನಲ್ಲಿ: ಹಾಗಾದರೆ ಕಾರೇ ಸಾಕು ಎಂದಾಯಿತಲ್ಲ.

ತಂತಿ: ತೂಕಕ್ಕೆ ಸಾಕು, ಹುಡುಕಾಟಕ್ಕೆ ಸಾಲದು. ಕಾರಿನಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಡಬೇಕು, ವ್ಯಾನಿನಲ್ಲಿ ಪಕ್ಕಕ್ಕೆ ಹಲಗೆ ಹೊಡೆದು ಸಾಲಾಗಿ ಜೋಡಿಸಬಹುದು. ಸಹಾಯಕನ ಜೊತೆ ಮನೆಯವರಿಗೂ ಜಾಗವಾಗುವಂತೆ ಎರಡನೆಯ ಸಾಲಿನ ಸೀಟಿರುವ, ಅದರ ಹಿಂದೆ ಉಕ್ಕಿನ ತಡೆಯಿರುವ ಸಣ್ಣ ವ್ಯಾನನ್ನು ನೋಡುತ್ತಿದ್ದೇನೆ. ಏಣಿ ಕಟ್ಟಿದರೂ ಎತ್ತರ ಎರಡು ಮೀಟರ್ ಮೀರಬಾರದು ಎಂದು ಬರೆದಿಟ್ಟುಕೊಂಡಿದ್ದೇನೆ.

ಸ್ಪ್ಯಾನರ್: ಹಲಗೆಗೂ ತೂಕವಿದೆ. ಹೊಡೆಸಿದ ಮೇಲೆ ಇನ್ನೊಮ್ಮೆ ತೂಗಿಸಿ, ಆ ಮೋಟಾರನ್ನು ಮಾತ್ರ ಮನೆಯಲ್ಲೇ ಬಿಡಿ.