ಫಲಕಕ್ಕೆ ಬೇಕಿದೆ: ‘ನೈಸ್’ ಶಿಲೆಯೋ, ‘ಗ್ನೈಸ್’ ಶಿಲೆಯೋ?

ಗೆಳೆಯರೆ, ಕಲ್ಲುಗಳ ಪ್ರದರ್ಶನದ ಫಲಕ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಲಾಲ್‌ಬಾಗ್ ಬಂಡೆಯ ಜಾತಿಯ ಕಲ್ಲನ್ನು ಇಂಗ್ಲಿಷ್ ಉಚ್ಚಾರದಂತೆ ‘ನೈಸ್ ಶಿಲೆ’ ಎಂದು ಬರೆದರೆ ನೋಡಿದವರು ನುಣುಪಾದ ಕಲ್ಲು ಅಂದುಕೊಳ್ಳುತ್ತಾರೆ. ಕನ್ನಡದ ಪದ ಇದೆಯೆ? ಅದರಲ್ಲಿರುವ ಖನಿಜದ ಹೆಸರು ಫೆಲ್ಡ್‌ಸ್ಪಾರ್, ಫೆಲ್‌ಸ್ಪಾರ್ ಇವುಗಳಲ್ಲಿ ಯಾವುದು ಸರಿ?

> ‘ಪದರಗಲ್ಲು’ ಎಂದು ಹಾಕಿ. ಇಂಗ್ಲಿಷಿನ ಎರವಲು ಯಾಕೆ?

ಪದರಗಲ್ಲು ಸಲ್ಲದು. ಕೆಸರು, ಮರಳು ಕೂತು ಆದ ಕಲ್ಲು ಎಂದು ಅರ್ಥವಾಗುತ್ತದೆ. ಇದು ಕಾವು, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಕಲ್ಲು. ಒಡೆದ ಮುಖಕ್ಕೆ ನೀರು ಚಿಮುಕಿಸಿ ನೋಡಿ: ಬೆಣಚು, ಫೆಲ್ಡ್‌ಸ್ಪಾರ್ ಸೇರಿದ ಬಿಳಿ ಪಟ್ಟೆ, ಪಕ್ಕದಲ್ಲೇ ಕಾಗೆಬಂಗಾರದ ಕಪ್ಪು ಪಟ್ಟೆ. ಉಳಿಯಿಟ್ಟರೂ ಹಾಳೆಯಂತೆ ಏಳುವುದಿಲ್ಲ.

ಪದವೂ ಇಂಗ್ಲಿಷಿನದಲ್ಲ, ಜರ್ಮನ್ನಿನದು. ಮೂಲ ಬಹುಶಃ ‘ಕಿಡಿ’ ಎಂಬರ್ಥದ ಹಳೆಯ ಪದ. ಜರ್ಮನರು ಗಕಾರವನ್ನು ಉಚ್ಚರಿಸುತ್ತಾರೆ. ಪದದ ಮೊದಲಲ್ಲಿ ‘ಗ್ನ’ ನಾಲಗೆಗೆ ಒಗ್ಗದೆ ಇಂಗ್ಲಿಷರು ಬಿಟ್ಟರು. ‘ಜ್ಞಾನ’ವನ್ನು ‘ಗ್ನಾನ’ ಎನ್ನುವ ನಮಗೆ ಆ ತೊಡಕೇ ಇಲ್ಲ. ‘ಗ್ನೈಸ್’ ಎಂದೇ ಬರೆಯಿರಿ.

ಫೆಲ್‌ಸ್ಪಾರ್ ತಪ್ಪು ವ್ಯುತ್ಪತ್ತಿಯ ಕೂಸು. ಜರ್ಮನ್ ‘ಫೆಲ್ಡ್’ ಎಂದರೆ ಹೊಲ. ಅದನ್ನು ‘ಫೆಲ್ಸ್’, ಅಂದರೆ ಬಂಡೆ, ಎಂದು ತಿಳಿದು ಡಕಾರ ಹಾರಿಸಿದರು. ಉತ್ತರಪದ ‘ಸ್ಪಾಟ್’ ಇಂಗ್ಲಿಷಿನಲ್ಲಿ ಮೊದಲೇ ಇದ್ದ ‘ಸ್ಪಾರ್’ ಆಯಿತು. ಡಕಾರ ಉಳಿಸಿ. ಕ್ವಾರ್ಟ್ಸ್ ಕೂಡ ಜರ್ಮನ್ನೇ, ಆದರೆ ಬೆಣಚುಕಲ್ಲು ಇರುವಾಗ ಅದು ಬೇಡ.

> ಇಂಗ್ಲಿಷರು ತಿರುಚಿಕೊಂಡರೆ ಸರಿ, ನಾವು ಕಟ್ಟಿಕೊಂಡರೆ ತಪ್ಪೆ? ‘ಪಟ್ಟೆಗಲ್ಲು’ ಆಗಲಿ. ಕಂಡದ್ದೇ ಹೆಸರಾಗಬೇಕು. ತಾಮ್ರದ ಅದಿರಿನಂತೆ ಕಂಡು ತಾಮ್ರ ಕೊಡದ ಕಲ್ಲಿಗೆ ಜರ್ಮನ್ ಗಣಿಯಾಳುಗಳು ‘ಕುಪ್‌ಫರ್‌ನಿಕೆಲ್’, ತಾಮ್ರದ ಪಿಶಾಚಿ, ಎಂದರು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕ್ರೋನ್‌ಸ್ಟೆಟ್ 1754ರಲ್ಲಿ ಅದನ್ನೇ ಮೊಟಕುಮಾಡಿ ತಾನು ಕಂಡ ಹೊಸ ಲೋಹಕ್ಕೆ ನಿಕಲ್ ಎಂದು ಹೆಸರಿಟ್ಟ.

ಒಪ್ಪಿದೆ, ಆದರೆ ಆ ಹೆಸರು ಕಲ್ಲು ಅಗೆದವರ ಬಾಯಲ್ಲಿ ಹುಟ್ಟಿತು. ‘ಪಟ್ಟೆಗಲ್ಲು’ ನೀವು ಈಗ ಕೂತು ಕಟ್ಟಿದ್ದು. ಸಂಡೂರಿನ ಕಬ್ಬಿಣದ ಕಲ್ಲಿಗೂ ಪಟ್ಟೆಗಳಿವೆ, ಅದನ್ನೇನೆಂದು ಕರೆಯುತ್ತೀರಿ? ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಕೊಟ್ಟ ‘ಪೆನಿನ್ಸುಲರ್ ಗ್ನೈಸ್’ ಎಂಬ ಹೆಸರಿನಿಂದಲೇ ಲಾಲ್‌ಬಾಗ್ ಬಂಡೆ ಭೂವಿಜ್ಞಾನಿಗಳಿಗೆ ಪರಿಚಿತ.

ಕೇಳಿದವರಿಗೆ: ದಪ್ಪಕ್ಷರದಲ್ಲಿ ‘ಗ್ನೈಸ್’, ಕೆಳಗೆ ಸಣ್ಣದಾಗಿ ‘ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಕಲ್ಲು’. ಸಾಲುಗಳ ನಡುವೆ ಜಾಗ ಹೆಚ್ಚಿಡಿ. ನಕಾರದ ಒತ್ತು, ಐತ್ವ ಎರಡೂ ಕೆಳಗಿಳಿಯುವುದರಿಂದ ಇಕ್ಕಟ್ಟಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.