ಉಬುಂಟು ಲಿನಕ್ಸ್ 24.04: ಗ್ರಾಫಿಕ್ಸ್ ಡ್ರೈವರ್ ಹಿಡಿಯುತ್ತಿಲ್ಲ, ಪರದೆ 1024×768ರಲ್ಲೇ ನಿಂತಿದೆ

ಬಡಗುತಿಟ್ಟು:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಭಾನುವಾರ ರಾತ್ರಿವರೆಗೆ ಕಂಪ್ಯೂಟರ್ ಸರಿಯಾಗಿಯೇ ಇತ್ತು. ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ ಪರದೆ 1024×768ಕ್ಕೆ ಇಳಿದಿದೆ. ಎರಡನೇ ಮಾನಿಟರ್ ಪೂರ್ತಿ ಕಪ್ಪು. ವಿಂಡೋ ಎಳೆದರೆ ತೆವಳಿಕೊಂಡು ಬರುತ್ತದೆ. ಡ್ರೈವರ್ ನಾಲ್ಕು ಸಲ ತೆಗೆದು ಹಾಕಿದ್ದೇನೆ. ಎನ್ವಿಡಿಯಾ ಡ್ರೈವರಿನ 535ನೇ ಆವೃತ್ತಿ ಹಾಕಿದೆ, 550 ಹಾಕಿದೆ, ಮತ್ತೆ 535ಕ್ಕೆ ಬಂದೆ. ಏನೂ ಪ್ರಯೋಜನ ಆಗಲಿಲ್ಲ. ನಾನಂತೂ ಏನೂ ಬದಲಾಯಿಸಿಲ್ಲ, ಭಾನುವಾರ ಅಪ್‌ಡೇಟ್ ಆಯಿತು ಅಷ್ಟೇ. ಶನಿವಾರದೊಳಗೆ ಐದು ಗಂಟೆಯ ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡಿ ಮೇಳದವರಿಗೆ ಕೊಡಬೇಕು. ದಯವಿಟ್ಟು ದಾರಿ ಹೇಳಿ.

ಮಲೆನಾಡಮಳೆ:
ಕಾರ್ಡ್ ಯಾವುದು ಅಂತಲೇ ಬರೆದಿಲ್ಲ ನೀವು. ಪ್ರೊಸೆಸರ್ ಯಾವುದು? ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಎದುರು ಏನಿದೆ?

ಬಡಗುತಿಟ್ಟು:
ಕ್ಷಮಿಸಿ. ಜಿಟಿಎಕ್ಸ್ 1650, 4 ಜಿಬಿ. ಐ5 9400ಎಫ್, 16 ಜಿಬಿ ರ್‍ಯಾಮ್. ಗ್ರಾಫಿಕ್ಸ್ ಎದುರು ಎಲ್‌ಎಲ್‌ವಿಎಂ ಪೈಪ್ ಎಂದು ಬರುತ್ತಿದೆ. ಈ ಹೆಸರಿನ ಕಾರ್ಡ್ ನನ್ನ ಹತ್ತಿರ ಇಲ್ಲವೇ ಇಲ್ಲ!

ಮಲೆನಾಡಮಳೆ:
ಅದು ಕಾರ್ಡ್ ಅಲ್ಲ. ಕಾರ್ಡಿನ ಡ್ರೈವರ್ ಸಿಗದಿದ್ದಾಗ ಪ್ರೊಸೆಸರೇ ಕೂತು ಚಿತ್ರ ಬಿಡಿಸುತ್ತದಲ್ಲ, ಆ ಸಾಫ್ಟ್‌ವೇರಿನ ಹೆಸರು. ಅದಕ್ಕೇ ವಿಂಡೋ ತೆವಳುತ್ತಿದೆ. ನಿಮ್ಮದು ಎಫ್ ಇರುವ ಪ್ರೊಸೆಸರ್, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೈಕೊಟ್ಟರೆ ಬೇರೆ ಆಸರೆಯೇ ಇಲ್ಲ.

ವೋಲ್ಟ್‌ಮೀಟರ್:
ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಎಷ್ಟು ವಾಟಿನದು? ಎಷ್ಟು ವರ್ಷ ಹಳೆಯದು? ಡ್ರೈವರ್ ನಾಲ್ಕು ಸಲ ಹಾಕಿದರೂ ಹಿಡಿಯುತ್ತಿಲ್ಲ ಅಂದರೆ ಕಾರ್ಡಿಗೆ ಕರೆಂಟ್ ಸಾಲುತ್ತಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇಂಥದ್ದು ಎಷ್ಟೋ ನೋಡಿದ್ದೇನೆ. ಮೊದಲು ಎಸ್‌ಎಂಪಿಎಸ್ ಬದಲಾಯಿಸಿ.

ಬಡಗುತಿಟ್ಟು:
450 ವಾಟ್, ನಾಲ್ಕು ವರ್ಷ ಆಯಿತು. ಈಗ ಹೊಸದು ತರಬೇಕಾ? ಇಲ್ಲಿ ಸಾಗರದಲ್ಲಿ ಒಳ್ಳೆಯದು ಸಿಗುವುದು ಕಷ್ಟ.

ಎಸ್‌ಪಿರೋಡ್ ಹಳಬ:
ಏನೂ ತರಬೇಡಿ. 1650 ಎಳೆಯುವುದೇ 75 ವಾಟ್. ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ಪವರ್ ವೈರ್ ಕೂಡ ಇರುವುದಿಲ್ಲ, ಮದರ್‌ಬೋರ್ಡ್ ಸ್ಲಾಟಿನಿಂದಲೇ ತೆಗೆದುಕೊಳ್ಳುತ್ತದೆ. 450 ವಾಟ್ ಧಾರಾಳ ಸಾಕು. ಅಪ್‌ಡೇಟ್‌ನಲ್ಲಿ ಹೊಸ ಕರ್ನೆಲ್, ಅಂದರೆ ಉಬುಂಟುವಿನ ತಿರುಳು, ಬಂದಿರಬೇಕು. ಅದಕ್ಕೆ ತಕ್ಕಂತೆ ಕರ್ನೆಲ್ ಒಳಗೆ ಕೂರುವ ಡ್ರೈವರಿನ ಭಾಗ, ಅಂದರೆ ಮಾಡ್ಯೂಲ್, ಬಿಲ್ಡ್ ಆಗಿರುವುದಿಲ್ಲ. ಆನ್ ಮಾಡಿದಾಗ ಬರುವ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆಯ ಕರ್ನೆಲ್‌ನಿಂದ ಬೂಟ್ ಮಾಡಿ ನೋಡಿ.

ವೋಲ್ಟ್‌ಮೀಟರ್:
75 ವಾಟ್ ಅನ್ನುವುದು ಕಾಗದದ ಮೇಲಿನ ಲೆಕ್ಕ. 12 ವೋಲ್ಟ್ ಲೈನ್ 11.4ಕ್ಕಿಂತ ಕೆಳಗೆ ಬಿದ್ದರೆ ಯಾವ ಕಾರ್ಡೂ ನಿಲ್ಲುವುದಿಲ್ಲ. ಮೀಟರ್ ಇಟ್ಟು ನೋಡಿ ಅನ್ನುತ್ತಿದ್ದೇನೆ, ತಪ್ಪೇನಿದೆ?

ಎಸ್‌ಪಿರೋಡ್ ಹಳಬ:
ನೋಡುವುದು ತಪ್ಪಲ್ಲ ಸರ್. ಆದರೆ ಕರೆಂಟ್ ಸಾಲದಿದ್ದರೆ ಕೆಲಸದ ಮಧ್ಯೆ ಪರದೆ ಹೋಗುತ್ತದೆ, ಇಲ್ಲವೇ ಮಷೀನೇ ರೀಸ್ಟಾರ್ಟ್ ಆಗುತ್ತದೆ. ಇವರದು ಮೊದಲಿನಿಂದಲೇ ಹಿಡಿಯುತ್ತಿಲ್ಲ. ಎರಡೂ ಬೇರೆ ಬೇರೆ. ಪಾಪ, ಅವರಿಂದ ಸುಮ್ನೆ ದುಡ್ಡು ಖರ್ಚು ಮಾಡಿಸುವುದು ಬೇಡ.

ಫ್ರೇಮ್‌ರೇಟ್:
ಪರದೆಗೆ ಚಿತ್ರ ತರುವ ವ್ಯವಸ್ಥೆ ಬದಲಾಯಿಸಿ, ವೇಲ್ಯಾಂಡ್ ಬಿಟ್ಟು ಎಕ್ಸ್‌ಆರ್ಗ್‌ಗೆ ಬನ್ನಿ ಬ್ರೋ. ಲಾಗಿನ್ ಪರದೆಯಲ್ಲಿ ಕೆಳಗೆ ಗೇರ್ ಗುರುತು ಒತ್ತಿ. ಅಂದಹಾಗೆ ವಿಡಿಯೊ ಕೆಲಸಕ್ಕೆ ಈ ಕಾರ್ಡ್ ಯಾಕೆ ತಗೊಂಡ್ರಿ? ಮೊದಲು ಬಂದ 1650ರಲ್ಲಿ ವಿಡಿಯೊ ಕುಗ್ಗಿಸುವ ಎನ್ಕೋಡರ್ ಹಳೆಯ ತಲೆಮಾರಿನದು, 1650 ಸೂಪರ್‌ನಲ್ಲಿ ಹೊಸದು. ನಾನು 3060ಕ್ಕೆ ಬಂದ ಮೇಲೆ ಹಿಂತಿರುಗಿ ನೋಡಿಲ್ಲ. 12 ಜಿಬಿ, 27 ಇಂಚಿನ ಎರಡು ಮಾನಿಟರ್. ಟೈಮ್‌ಲೈನ್ ಬೆಣ್ಣೆ ಹಾಗೆ ಜಾರುತ್ತದೆ.

ಮಲೆನಾಡಮಳೆ:
ಎಕ್ಸ್‌ಆರ್ಗ್ ಆದರೂ ವೇಲ್ಯಾಂಡ್ ಆದರೂ ಕರ್ನೆಲ್ ಒಳಗೆ ಮಾಡ್ಯೂಲ್ ಇದ್ದರೆ ತಾನೇ ಕಾರ್ಡ್ ಕೆಲಸ ಮಾಡುವುದು? ಅದೇ ಇಲ್ಲ ಇವರಿಗೆ. ಮಾನಿಟರ್ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಬಡಗುತಿಟ್ಟು:
ಹಳೆಯ ಕರ್ನೆಲ್‌ನಿಂದ ಬೂಟ್ ಮಾಡಿದೆ. ಅದೇ ಕಥೆ. ಎಕ್ಸ್‌ಆರ್ಗ್‌ನಲ್ಲೂ ಅದೇ. ಮಾಡ್ಯೂಲ್ ಬಿಲ್ಡ್ ಮಾಡುವ ಡಿಕೆಎಂಎಸ್‌ನ ಸ್ಟೇಟಸ್ ನೋಡಿದರೆ ಎರಡೂ ಕರ್ನೆಲ್‌ಗೆ 535 ಇನ್‌ಸ್ಟಾಲ್ಡ್ ಎಂದೇ ತೋರಿಸುತ್ತಿದೆ. ಮೀಟರ್ ಪಕ್ಕದ ಮನೆಯಿಂದ ತಂದು ನೋಡಿದೆ, 12.1 ಬಂತು. ಇನ್ನು ಏನು ಮಾಡಲಿ? ಪೂರ್ತಿ ಅಳಿಸಿ ಹೊಸದಾಗಿ ಉಬುಂಟು ಹಾಕಿಬಿಡಲಾ?

ವೋಲ್ಟ್‌ಮೀಟರ್:
12.1 ಲೋಡ್ ಇಲ್ಲದಾಗ ಬಂದದ್ದು. ಲೋಡ್ ಕೊಟ್ಟು ನೋಡಿ.

ಎಸ್‌ಪಿರೋಡ್ ಹಳಬ:
ಹಳೆಯ ಕರ್ನೆಲ್‌ನಲ್ಲೂ ಬರಲಿಲ್ಲ ಅಂದರೆ ನಾನು ಹೇಳಿದ್ದು ತಪ್ಪು. ಅಪ್‌ಡೇಟ್ ಕಾರಣ ಅಲ್ಲ. ಮತ್ತೆ ಹಾಕುವುದು ಬೇಡ, ಸ್ವಲ್ಪ ತಡೆಯಿರಿ. ಆ ಮಷೀನಿನಲ್ಲಿ ವಿಂಡೋಸ್ ಏನಾದರೂ ಇದೆಯಾ?

ಬಡಗುತಿಟ್ಟು:
ಇದೆ. ಇನ್ನೊಂದು ಎಸ್‌ಎಸ್‌ಡಿಯಲ್ಲಿ. ತಮ್ಮ ಅದರಲ್ಲಿ ಆಟ ಆಡುತ್ತಾನೆ. ಅಲ್ಲಿ ಎರಡೂ ಮಾನಿಟರ್ ಚೆನ್ನಾಗಿ ಬರುತ್ತವೆ. ನನ್ನ ಸಮಸ್ಯೆ ಲಿನಕ್ಸ್‌ನದು ಅಂತ ಅದನ್ನು ಬರೆಯಲಿಲ್ಲ.

ಎಸ್‌ಪಿರೋಡ್ ಹಳಬ:
ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೆ! ಆಟ ಆಡುವಾಗ ಕಾರ್ಡಿನ ಮೇಲೆ ಪೂರ್ತಿ ಲೋಡ್ ಬೀಳುತ್ತದೆ. ಅಲ್ಲಿ ಸರಿ ಇದೆ ಅಂದರೆ ಕಾರ್ಡ್, ಎಸ್‌ಎಂಪಿಎಸ್, ಕೇಬಲ್ ಮೂರೂ ಸರಿ. ವೋಲ್ಟ್‌ಮೀಟರ್ ಸರ್, ನೀವು ಕೇಳಿದ ಲೋಡ್ ಟೆಸ್ಟ್ ಅವರ ತಮ್ಮನೇ ದಿನಾ ಮಾಡುತ್ತಿದ್ದಾನೆ.

ಮಲೆನಾಡಮಳೆ:
ಟರ್ಮಿನಲ್‌ನಲ್ಲಿ ಸುಡೊ ಮಾಡ್‌ಪ್ರೋಬ್ ಎನ್ವಿಡಿಯಾ ಎಂದು ಕೊಡಿ, ಮಾಡ್ಯೂಲನ್ನು ಕರ್ನೆಲ್‌ಗೆ ಸೇರಿಸುವ ಕಮಾಂಡ್ ಅದು. ಬರುವ ಸಾಲನ್ನು ಹಾಗೇ ಇಲ್ಲಿ ಹಾಕಿ. ಒಂದಕ್ಷರವೂ ಬಿಡಬೇಡಿ.

ಬಡಗುತಿಟ್ಟು:
ಕುಡ್ ನಾಟ್ ಇನ್ಸರ್ಟ್ ಎನ್ವಿಡಿಯಾ, ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್.

ಮಲೆನಾಡಮಳೆ:
ಸಿಕ್ಕಿತು. ಕೀ ಒಪ್ಪಲಿಲ್ಲ ಅನ್ನುತ್ತಿದೆ, ಇದು ಸೆಕ್ಯೂರ್ ಬೂಟ್. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರಿನ (ಫರ್ಮ್‌ವೇರ್) ಸೆಟ್ಟಿಂಗ್‌ನಲ್ಲಿ, ಯಾರೋ ಅದನ್ನು ಆನ್ ಮಾಡಿದ್ದಾರೆ. ಅದು ಆನ್ ಇದ್ದರೆ ಸಹಿ ಇಲ್ಲದ, ಅಥವಾ ಗುರುತಿಲ್ಲದ ಸಹಿ ಇರುವ ಮಾಡ್ಯೂಲನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಡಿಕೆಎಂಎಸ್ ನಿಮ್ಮ ಮಷೀನಿನಲ್ಲೇ ಮಾಡ್ಯೂಲ್ ಬಿಲ್ಡ್ ಮಾಡಿ, ನಿಮ್ಮ ಮಷೀನಿನದೇ ಕೀಯಿಂದ ಸಹಿ ಹಾಕುತ್ತದೆ. ಆದರೆ ಆ ಕೀ ಯಾರದು ಅಂತ ಫರ್ಮ್‌ವೇರ್‌ಗೆ ನೀವು ಇನ್ನೂ ಹೇಳಿಲ್ಲ. ಡ್ರೈವರ್ ನೂರು ಸಲ ಹಾಕಿದರೂ ಬಾಗಿಲಲ್ಲೇ ನಿಲ್ಲುತ್ತದೆ. ತಮ್ಮನನ್ನು ಕೇಳಿ.

ಬಡಗುತಿಟ್ಟು:
ಕೇಳಿದೆ. ಭಾನುವಾರ ರಾತ್ರಿ ಅವನೇ ಆನ್ ಮಾಡಿದ್ದಂತೆ. ಹೊಸ ಆನ್‌ಲೈನ್ ಆಟಕ್ಕೆ ಅದು ಬೇಕಂತೆ. ವಿಂಡೋಸ್‌ಗೆ ಸಂಬಂಧಪಟ್ಟದ್ದು ಅಂತ ನನಗೆ ಹೇಳಲೇ ಇಲ್ಲ. ಮೂರು ದಿನ ನಾನು ಡ್ರೈವರಿಗೆ ಬೈಯುತ್ತಿದ್ದೆ.

ಫ್ರೇಮ್‌ರೇಟ್:
ಆಫ್ ಮಾಡಿ, ಮುಗೀತು. ಮನೆ ಕಂಪ್ಯೂಟರಿಗೆ ಸೆಕ್ಯೂರ್ ಬೂಟ್ ಯಾಕೆ?

ಎಸ್‌ಪಿರೋಡ್ ಹಳಬ:
ಆಫ್ ಮಾಡಿದರೆ ತಮ್ಮನ ಆಟ ನಿಲ್ಲುತ್ತದೆ. ದಿನಕ್ಕೆರಡು ಸಲ ಬಯಾಸ್‌ಗೆ ಹೋಗಿ ಬದಲಾಯಿಸುತ್ತಾ ಕೂರುವುದಾ? ಬೂಟ್ ಆಗುವಾಗಲೇ ಒಳಗೆ ಸೇರಿಕೊಳ್ಳುವ ಮಾಲ್‌ವೇರ್ ತಡೆಯಲು ಇರುವ ವ್ಯವಸ್ಥೆ ಅದು. ಮನೆಯಾದರೇನು, ಅದೇ ಮಷೀನಿನಲ್ಲಿ ಬ್ಯಾಂಕಿನ ಕೆಲಸವೂ ನಡೆಯುತ್ತದಲ್ವಾ?

ಫ್ರೇಮ್‌ರೇಟ್:
ನಾನು ಏಳು ವರ್ಷದಿಂದ ಆಫ್ ಇಟ್ಟಿದ್ದೇನೆ, ಏನೂ ಆಗಿಲ್ಲ.

ಮಲೆನಾಡಮಳೆ:
ಆ ವಾದ ಆಮೇಲೆ. ಬಡಗುತಿಟ್ಟು ಅವರೇ, ಎರಡೂ ಉಳಿಯುವ ದಾರಿ ಇದೆ. ವಾರ್ ಲಿಬ್ ಒಳಗೆ ಶಿಮ್ ಸೈನ್ಡ್, ಅದರೊಳಗೆ ಮೋಕ್ (ಮಷೀನಿನ ಮಾಲೀಕರ ಕೀ) ಎಂಬ ಫೋಲ್ಡರ್ ಇರುತ್ತದೆ. ಅಲ್ಲಿ ಡಿಇಆರ್ ಅಂತ ಕೊನೆಯಾಗುವ ಒಂದು ಕೀ ಫೈಲ್ ಇದೆಯಾ ನೋಡಿ. ಇದ್ದರೆ ಸುಡೊ ಜೊತೆ ಮೋಕ್‌ಯುಟಿಲ್ ಇಂಪೋರ್ಟ್ ಕಮಾಂಡ್‌ಗೆ ಆ ಫೈಲ್ ಕೊಡಿ. ಒಂದು ಪಾಸ್‌ವರ್ಡ್ ಕೇಳುತ್ತದೆ. ಅಂಕಿಗಳನ್ನೇ ಇಡಿ. ಆಮೇಲೆ ಟೈಪ್ ಮಾಡುವ ಪರದೆಗೆ ನಿಮ್ಮ ಕೀಬೋರ್ಡ್ ಲೇಔಟ್ ಗೊತ್ತಿರುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಹೆದರಬೇಡಿ, ಅದು ಕ್ರ್ಯಾಶ್ ಅಲ್ಲ. ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್, ಅದೇ ಪಾಸ್‌ವರ್ಡ್, ರೀಬೂಟ್. ಆ ಪರದೆ ನಿಮಗಾಗಿ 10 ಸೆಕೆಂಡ್ ಮಾತ್ರ ಕಾಯುತ್ತದೆ. ಅಲ್ಲಿಂದ ಏಳಬೇಡಿ.

ಬಡಗುತಿಟ್ಟು:
ಮೊದಲ ಸಲ ತಪ್ಪಿಹೋಯಿತು. ಅಮ್ಮ ಕರೆದರು ಅಂತ ಎದ್ದೆ, ಬರುವಷ್ಟರಲ್ಲಿ ಲಾಗಿನ್ ಪರದೆ ಬಂದಿತ್ತು. ಮತ್ತೆ ಇಂಪೋರ್ಟ್ ಮಾಡಿ, ಕೀಬೋರ್ಡ್ ಮೇಲೆ ಕೈ ಇಟ್ಟುಕೊಂಡೇ ಕೂತೆ. ಆಯಿತು! ಎರಡೂ ಮಾನಿಟರ್ ಬಂದವು. ಎನ್ವಿಡಿಯಾ ಎಸ್‌ಎಂಐ ಕಮಾಂಡ್ ಕಾರ್ಡಿನ ಹೆಸರು ತೋರಿಸುತ್ತಿದೆ. ತಮ್ಮನ ಆಟವೂ ನಡೆಯುತ್ತಿದೆ. ಮಲೆನಾಡಮಳೆ ಸರ್, ಹಳಬ ಸರ್, ನಿಮ್ಮಿಬ್ಬರ ಉಪಕಾರ ಮರೆಯುವುದಿಲ್ಲ. ಪ್ರತಿ ಅಪ್‌ಡೇಟ್ ಆದಾಗಲೂ ಹೀಗೆ ಮಾಡಬೇಕಾ?

ಮಲೆನಾಡಮಳೆ:
ಬೇಡ. ಕೀ ಒಂದು ಸಲ ಸೇರಿದರೆ ಸಾಕು. ಹೊಸ ಕರ್ನೆಲ್ ಬಂದಾಗ ಡಿಕೆಎಂಎಸ್ ಅದೇ ಕೀಯಿಂದ ಸಹಿ ಹಾಕುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದಾಗ ಅಥವಾ ಮದರ್‌ಬೋರ್ಡ್ ಬದಲಾಯಿಸಿದಾಗ ಕೀ ಅಳಿಸಿಹೋಗಬಹುದು. ಆಗ ಇದನ್ನೇ ಇನ್ನೊಮ್ಮೆ ಮಾಡಿ.

ವೋಲ್ಟ್‌ಮೀಟರ್:
ಸರಿ ಆಯಿತಲ್ಲ, ಸಂತೋಷ. ಆದರೂ ನಾಲ್ಕು ವರ್ಷದ ಎಸ್‌ಎಂಪಿಎಸ್ ಅಂದಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿ ಫ್ಯಾನಿನ ಧೂಳಾದರೂ ತೆಗೆಸಿ.

ಬಡಗುತಿಟ್ಟು:
ಖಂಡಿತ ತೆಗೆಸುತ್ತೇನೆ ಸರ್. ಈಗ ಎಡಿಟ್‌ಗೆ ಕೂರುತ್ತೇನೆ, ಇನ್ನೂ ಒಡ್ಡೋಲಗವೇ ಮುಗಿದಿಲ್ಲ.